ಡ್ಯಾರೆನ್ ಮಲಗುವ ಹೊತ್ತಿಗೆ

ಮಮ್ಮಿ,

ನೀನು ತೀರಿಹೋದ ಮೇಲೆ ನನ್ನ ಪುಟ್ಟ ತಮ್ಮ ಡ್ಯಾರೆನ್ ನನಗೇ ಬೇಕು, ನನಗೇ ಬೇಕು ಎಂದು ಪಪ್ಪನೂ ನಿನ್ನ ತಂಗಿ ಕ್ರಿಸ್ಟಿನಾ ಮಾವ್ಶಿಯೂ ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗಿದ್ದಾರೆ. ತೀರ್ಪು ಬರುವವರೆಗೆ ಅವನು ಮಕ್ಕಳ ಕೇಂದ್ರದಲ್ಲಿದ್ದಾನೆ. ಮಲಗುವ ಹೊತ್ತಿಗೆ ಬಹಳ ಅಳುತ್ತಾನಂತೆ. ಇವತ್ತು ಇಲ್ಲಿಯ ಕಾಲೇಜಿನ ಫಸ್ಟ್ ಇಯರ್ ಕ್ಲಾಸು ತಪ್ಪಿಸಿ, ಅವನನ್ನು ಮನೆಗೆ ಕಳಿಸಿ ಎಂದು ಮಕ್ಕಳ ಕೇಂದ್ರಗಳ ಮೇಲಿನ ದೂರು ಕೇಳುವ ಕಚೇರಿಯಲ್ಲಿ ಬೇಡಿಕೊಂಡೆ.

"ಅವನು ಎಲ್ಲಿರಬೇಕು ಅನ್ನೋದು ಕೋರ್ಟಿಗೆ ಬಿಟ್ಟದ್ದು ಹಬೀಬ್ತಿ, ನನ್ನ ಕಂದಾ, ನಾವು ಕೈ ಹಾಕುವ ಹಾಗಿಲ್ಲ," ಎಂದರು ಅಲ್ಲಿಯ ಅರಬ್ ಮೇಡಂ. "ಕೇಂದ್ರದಲ್ಲಿ ಹೇಗೆ ನೋಡಿಕೊಳ್ತಾರೆ ಅನ್ನೋದನ್ನು ಮಾತ್ರ ಕೇಳಬಹುದು. ಅಮ್ಮ ಹೇಗೆ ಮಲಗಿಸ್ತಿದ್ರು ಹೇಳು, ಹಾಗೇ ಮಾಡಿಸ್ತೇವೆ."

ಅದನ್ನು ನಾನು ಕೊನೆಯವರೆಗೆ ನೋಡಿಯೇ ಇಲ್ಲ. ಊರಿನ ಶಾಲೆಯ ಹಾಸ್ಟೆಲಿನಿಂದ ಗಲ್ಫಿನ ಈ ರುಮೈಥಿಯಾದ ಮನೆಗೆ ರಜೆಗೆ ಬಂದಾಗಲೆಲ್ಲ, ರಾತ್ರಿಯ ಜಪಸರದ ಪ್ರಾರ್ಥನೆ ಮುಗಿಯುವ ಮೊದಲೇ ನಿನ್ನ ನೈಟಿಗೆ ಮುಖ ಒತ್ತಿ ನಾನೇ ನಿದ್ದೆಹೋಗುತ್ತಿದ್ದೆ.

ನಾಳೆ ಹೇಳುತ್ತೇನೆ ಎಂದು ಬಂದಿದ್ದೇನೆ, ಮಮ್ಮಿ. ನಾನು ಮಲಗಿದ ಮೇಲೆ ನೀನು ಅವನಿಗೆ ಏನು ಹಾಡುತ್ತಿದ್ದೆ?