ಎಲ್ಲ ಗಾಡಿಗಳ ಒಂದೇ ಸದ್ದು

ದರ್ಜಿ ಅಂಗಡಿಯ ಮೇಲಿನ ಮನೆ,
ಭಾನುವಾರ, ನವೆಂಬರ್ ೯

ನಮ್ಮ ಮನೆಯವರಿಗೆ,

ಮನೆಯಲ್ಲಿ ಇಲ್ಲದವರನ್ನು ಮನೆಯವರು ಎಂದು ಕರೆಯುವುದು ಎಷ್ಟು ಸರಿಯೋ ಗೊತ್ತಿಲ್ಲ. ಬೇರೆ ರೀತಿ ಕರೆದು ನನಗೆ ಅಭ್ಯಾಸವಿಲ್ಲ. ಹೇಗಿದ್ದೀರಿ? ಬಲಗೈ ಮಣಿಕಟ್ಟಿನ ನೋವು ಕಡಿಮೆಯಾಯಿತೇ? ಬೆಳಿಗ್ಗೆ ಸ್ಪ್ಯಾನರ್ ಹಿಡಿಯುವ ಮುಂಚೆ ಕೈಯನ್ನು ಬಿಸಿನೀರಿನಲ್ಲಿ ಅದ್ದಿಕೊಳ್ಳಿ ಎಂದು ಹಿಂದಿನ ಪತ್ರದಲ್ಲೂ ಬರೆದಿದ್ದೆ. ಅದ್ದಿಕೊಂಡಿರುವುದಿಲ್ಲ, ನನಗೆ ಗೊತ್ತು. ಇಲ್ಲಿ ನಾವಿಬ್ಬರೂ ಪರವಾಗಿಲ್ಲ. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಪುಟ್ಟಿಯನ್ನು ಖಾಯಂ ಮಾಡಿದ್ದಾರೆ. ಹಗಲೆಲ್ಲ ಜನರ ಕೈಗೆ ಸೂಜಿ ಚುಚ್ಚುತ್ತಾಳೆ, ಸಂಜೆ ಮನೆಗೆ ಬಂದು ನನಗೆ ಮಾತಿನಲ್ಲಿ ಚುಚ್ಚುತ್ತಾಳೆ. ಮೂಗು, ಕೋಪ ಎರಡೂ ನಿಮ್ಮವೇ. ನನಗೆ ಮಂಡಿ ನೋವು ಶುರುವಾಗಿದೆ, ಮೆಟ್ಟಿಲು ಹತ್ತಿ ಇಳಿದು ಬಂದದ್ದು. ಅದನ್ನು ಮುಂದೆ ಹೇಳುತ್ತೇನೆ.

ಈ ಪತ್ರ ವೆಲ್ಡರ್ ಅಣ್ಣನ ಜೇಬಿನಲ್ಲಿ ಬರುತ್ತದೆ. ನಿಮ್ಮ ಬೈಕ್ ಕ್ಲಬ್ಬಿನವರು ನಾಳೆ ಆ ದಾರಿ ಹಿಡಿದು ಹೊರಟಿದ್ದಾರೆ. ಹೆದ್ದಾರಿ ಪಕ್ಕದ ನಿಮ್ಮ ಶೆಡ್ಡಿನ ಮುಂದೆ ನಿಲ್ಲಿಸಿ, ಚಹಾ ಕುಡಿದು, ಪತ್ರ ಕೊಟ್ಟು ಹೋಗುತ್ತಾರೆ. ಆರು ವರ್ಷದಿಂದ ನಮ್ಮ ಅಂಚೆ ಇದೇ. ನನ್ನ ಮಾತು ಕಾಗದದಲ್ಲಿ ಬರುತ್ತದೆ, ನಿಮ್ಮದು ಅವರ ಬಾಯಲ್ಲಿ ಹಿಂತಿರುಗುತ್ತದೆ. ಅದೂ ಎಷ್ಟು? "ಬರ್ತೀನಿ ಅಂತ ಹೇಳು." ಅಷ್ಟೇ. ಯಾವಾಗ ಎಂದು ಮೊದಮೊದಲು ವೆಲ್ಡರ್ ಅಣ್ಣನನ್ನು ಪೀಡಿಸುತ್ತಿದ್ದೆ. ಪಾಪ, ಅವರು ಹೆಲ್ಮೆಟ್ಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸುತ್ತಾ ನಿಲ್ಲುತ್ತಿದ್ದರು. ಈಗ ಕೇಳುವುದು ಬಿಟ್ಟಿದ್ದೇನೆ. ಅಲ್ಲಿ ನಿಮ್ಮ ಜೊತೆ ಯಾರಾದರೂ ಇದ್ದಾರೆಯೇ ಎಂದೂ ನಾನು ಕೇಳಿಲ್ಲ, ಅವರೂ ಹೇಳಿಲ್ಲ.

ನೀವು ಹೋದದ್ದನ್ನು ಜನ ಏನೇನೋ ಆಡಿಕೊಂಡರು. ನನಗೆ ಮಾತ್ರ ಅದು ನಿಮ್ಮ ಗಾಡಿ ತಯಾರಿಸುವ ಕಂಪನಿಯವರು ಮಾಡಿದ ಕೆಲಸ ಎಂದೇ ಅನಿಸುತ್ತದೆ. ಹಳೆಯ ಗಾಡಿ ನಿಲ್ಲಿಸಿ ಆ ಸದ್ದಿಲ್ಲದ ಗಾಡಿಗಳನ್ನು ಅವರು ತಂದ ವರ್ಷ ನೀವು ಊಟಕ್ಕೆ ಕುಳಿತರೂ ಅದೇ ಮಾತು, ಮಲಗಿದರೂ ಅದೇ ಮಾತು. ಹೊಸ ಗಾಡಿ ಓಡಿದರೆ ಕೆಳಗಿನ ದರ್ಜಿಯ ಮಿಷನ್ ಓಡಿದ ಹಾಗೆ ಕೇಳುತ್ತದೆ ಎಂದು ನೀವು ಅಂದಿರಿ, ದರ್ಜಿ ಒಂದು ವಾರ ನಿಮ್ಮ ಜೊತೆ ಮಾತು ಬಿಟ್ಟ. ಆಮೇಲೆ ಹಳೆಯ ಗಾಡಿಗೊಂದು ದೊಡ್ಡ ಸವಾರಿ ಎಂದು ಐವರು ಹೊರಟಿರಿ. ನಾಲ್ವರು ತಿರುಗಿ ಬಂದರು. ಇನ್ನೂ ಹಳೆಯ ಗಾಡಿ ಓಡಿಸುವವರಿಗೆ ಆ ದಾರಿಯಲ್ಲಿ ಒಬ್ಬ ರಿಪೇರಿಯವನು ಬೇಕು, ಸ್ವಲ್ಪ ದಿನ ಇದ್ದು ಬರುತ್ತೇನೆ ಎಂದು ಹೇಳಿ ಕಳಿಸಿದಿರಿ. ನಿಮ್ಮ ಕೈಗಡಿಯಾರಕ್ಕೆ ಸ್ವಲ್ಪ ಎಂದರೆ ಎಷ್ಟೋ.

ಈಗ ಸುದ್ದಿಗೆ ಬರುತ್ತೇನೆ. ನಿಮ್ಮ ಕಂಪನಿಗೆ ಬುದ್ಧಿ ಬಂದಿದೆ, ಅಥವಾ ಇದ್ದದ್ದೂ ಹೋಗಿದೆ. ಹಳೆಯ ಗಾಡಿಯನ್ನೇ ಮತ್ತೆ ತಂದಿದ್ದಾರೆ. ಅದೇ ಉಬ್ಬಿದ ಟ್ಯಾಂಕು, ಅದರ ಮೇಲೆ ಅದೇ ಬೆಳ್ಳಿ ಗೆರೆ, ಅದೇ ದುಂಡು ದೀಪ. ಹತ್ತಿರ ಹೋಗಿ ತಟ್ಟಿದರೆ ಅರ್ಧಕ್ಕರ್ಧ ಪ್ಲಾಸ್ಟಿಕ್. ಕಿಕ್ ಇಲ್ಲ, ಗುಂಡಿ ಒತ್ತಿದರೆ ಸಾಕು. ಕ್ಲಬ್ಬು ಎರಡು ಹೋಳಾಯಿತು. ವೆಲ್ಡರ್ ಅಣ್ಣ ಮೊದಲ ದಿನವೇ ಬುಕ್ ಮಾಡಿದರು. ಅವರ ಮಂಡಿಗೆ ಆಪರೇಷನ್ ಆದಮೇಲೆ ಕಿಕ್ ಹೊಡೆಯಲಾಗದೆ ಹಳೆಯ ಗಾಡಿಗೆ ಹೊದಿಕೆ ಹಾಕಿ ಕುಳಿತಿದ್ದರಲ್ಲ, ಗುಂಡಿ ಒತ್ತಿದಾಗ ಅತ್ತೇಬಿಟ್ಟರಂತೆ. ಡ್ರಾಯಿಂಗ್ ಮೇಷ್ಟ್ರು ಮಾತ್ರ ಮೂಗು ಮುರಿದರು. ಇದು ಗಾಡಿಯಲ್ಲ, ಗಾಡಿಯ ವೇಷ ಎಂದು ಶಾಲೆಯಲ್ಲಿ ಮಕ್ಕಳ ಮುಂದೆಯೂ ಭಾಷಣ ಬಿಗಿದರಂತೆ. ಆದರೂ ಪ್ರತಿ ಸಂಜೆ ಶೋರೂಮಿನ ಗಾಜಿನ ಆಚೆ ನಿಂತು ನೋಡುವುದನ್ನು ತಪ್ಪಿಸುತ್ತಿರಲಿಲ್ಲ. ಬೈಯುವುದಕ್ಕೂ ಸರಿಯಾಗಿ ನೋಡಬೇಕು ಎನ್ನುತ್ತಿದ್ದರು. ಪುಟ್ಟಿಯ ಲೆಕ್ಕ ಬೇರೆ. ಬ್ರೇಕು ಚೆನ್ನಾಗಿ ಹಿಡಿಯುತ್ತದೆ, ಬೆಳಿಗ್ಗೆ ಲ್ಯಾಬಿಗೆ ಹೋಗುವಾಗ ದಾರಿಯಲ್ಲಿ ಕೈ ಕೊಡುವುದಿಲ್ಲ, ಅವಳಿಗೆ ಅಷ್ಟು ಸಾಕು. ಅವಳೂ ಒಂದನ್ನು ತಂದಳು. ಅಪ್ಪನ ಗಾಡಿಯ ಹಾಗೆಯೇ ಇದೆ ಎಂದು ತಂದಳೋ, ಹಾಗಿದ್ದರೂ ತಂದಳೋ, ಕೇಳಿದರೆ ಸಿಡುಕುತ್ತಾಳೆ.

ನನಗೆ ಟ್ಯಾಂಕಿನ ಗೊಡವೆ ಇಲ್ಲ. ನನ್ನನ್ನು ಕೆಡಿಸಿದ್ದು ಅದರ ಸದ್ದು. ನಿಮ್ಮ ಗಾಡಿ ತಿರುವಿನಲ್ಲಿ ಕೇಳಿಸಿದರೆ ನಾನು ಚಹಾಕ್ಕೆ ನೀರಿಡುತ್ತಿದ್ದೆ, ನೀವು ಮೆಟ್ಟಿಲು ಹತ್ತಿ ಶೂ ಬಿಚ್ಚುವಷ್ಟರಲ್ಲಿ ಲೋಟ ತಯಾರಾಗಿರುತ್ತಿತ್ತು. ಕೆಲವು ಬಡಿತಕ್ಕೊಮ್ಮೆ ಅದು ಎಡವಿ, ಸಾವರಿಸಿಕೊಂಡು ಮತ್ತೆ ನಡೆಯುತ್ತಿತ್ತಲ್ಲ, ಎಷ್ಟು ಬಿಚ್ಚಿ ಜೋಡಿಸಿದರೂ ಆ ಎಡವು ಹೋಗಲಿಲ್ಲ ಎಂದು ನೀವು ಬೈಯುತ್ತಿದ್ದಿರಿ. ನಾನು ಗುರುತು ಹಿಡಿಯುತ್ತಿದ್ದುದು ಅದರಿಂದಲೇ. ಆ ಹಾಳು ಕಂಪನಿಯವರು ಹಳೆಯ ಗಾಡಿಗಳನ್ನೆಲ್ಲ ಕಲೆಹಾಕಿ, ಸದ್ದು ಹಿಡಿದಿಟ್ಟು, ಎಡವುವುದನ್ನೂ ಸೇರಿಸಿ ಹೊಸದಕ್ಕೆ ಕೂರಿಸಿದ್ದಾರಂತೆ. ಈಗ ನಮ್ಮ ಬೀದಿಯಲ್ಲಿ ಎಲ್ಲವೂ ನಿಮ್ಮ ಗಾಡಿಯೇ. ಔಷಧಿ ಅಂಗಡಿಯವನದು, ಕೊರಿಯರಿನವನದು, ಎದುರು ಮನೆಗೆ ಪಾಠಕ್ಕೆ ಬರುವ ಸಂಗೀತದ ಮೇಡಂ ಅವರದು. ಪ್ರತಿ ಸಲವೂ ಕೈಯಲ್ಲಿದ್ದದ್ದನ್ನು ಬಿಟ್ಟು ಮೆಟ್ಟಿಲು ಇಳಿದು ಬಾಗಿಲಿಗೆ ಹೋಗುತ್ತೇನೆ. ಮಂಡಿ ನೋವು ಬಂದದ್ದು ಹೀಗೆ. ದರ್ಜಿ ಈಗ ತಲೆ ಎತ್ತಿ ನೋಡುವುದನ್ನೂ ಬಿಟ್ಟಿದ್ದಾನೆ, ಬಟ್ಟೆ ಹೊಲಿಯುತ್ತಲೇ ಅಲ್ಲ ಎಂಬಂತೆ ತಲೆಯಾಡಿಸುತ್ತಾನೆ. ಅವನ ದಾಕ್ಷಿಣ್ಯ ನನಗೆ ಎಲ್ಲಕ್ಕಿಂತ ಕಷ್ಟ.

ಹೋದ ವಾರ ಕ್ಲಬ್ಬಿನ ವಾರ್ಷಿಕ ಕೂಟ ಇತ್ತು. ಅದೇ ಪೆಟ್ರೋಲ್ ಬಂಕಿನ ಹಿಂದಿನ ಬಯಲು. ಬೆನ್ನು ತಿರುಗಿಸಿ ನಿಂತು ಯಾರ ಗಾಡಿ ಎಂದು ಸದ್ದಿನಲ್ಲೇ ಹೇಳುವ ಆಟ ನೆನಪಿದೆಯಲ್ಲ. ನೀವು ಇದ್ದಾಗ ಒಂದು ವರ್ಷವೂ ನಾನು ಸೋತಿರಲಿಲ್ಲ, ನೀವು ಬೇಕೆಂದೇ ಬೇರೆ ಸೈಲೆನ್ಸರ್ ಹಾಕಿ ಬಂದ ವರ್ಷವೂ ಹೇಳಿದ್ದೆ. ನೀವು ಹೋದ ಮೇಲೆ ನಾನು ಆ ಕಡೆ ಕಾಲಿಟ್ಟಿರಲಿಲ್ಲ. ಈ ಸಲ ಪುಟ್ಟಿ ಬಿಡಲಿಲ್ಲ. ಮನೆಯಲ್ಲಿ ಕುಳಿತು ಕಿವಿ ಕೊಡುವ ಬದಲು ಅಲ್ಲಿ ಬಂದು ಕೊಡು ಎಂದಳು. ಹೊಸದನ್ನು ಒಪ್ಪಬೇಕೋ ಬಿಡಬೇಕೋ ಎಂದು ಅಲ್ಲಿ ಕಾಲು ಕೆರೆದು ಜಗಳ ನಡೆದಿತ್ತು. ಶೋರೂಮಿನ ಮ್ಯಾನೇಜರನೂ ಒಂದು ಗಾಡಿ ತಂದು ನಿಂತಿದ್ದ. ಮೇಷ್ಟ್ರು ಅದಕ್ಕೊಂದು ತೀರ್ಮಾನ ಸೂಚಿಸಿದರು. ಅತ್ತಿಗೆಯನ್ನು ನಿಲ್ಲಿಸಿ, ಅವರ ಕಿವಿಗೆ ಅಸಲಿ ಯಾವುದು ನಕಲಿ ಯಾವುದು ಗೊತ್ತಾಗದೇ ಇರುವುದಿಲ್ಲ ಎಂದರು. ಎಲ್ಲರೂ ಒಪ್ಪಿದರು. ನನಗೂ ಸ್ವಲ್ಪ ಜಂಬ ಬಂತು ಅನ್ನಿ.

ಬೆನ್ನು ತಿರುಗಿಸಿ ನಿಂತೆ. ಎರಡು ಮೂರು ಹಳೆಯ ಗಾಡಿಗಳು ಬಂದವು, ಪಟಪಟನೆ ಹೇಳಿದೆ. ಚಪ್ಪಾಳೆ ಬಿತ್ತು. ಆಮೇಲೆ ಬಯಲಿನ ಆಚೆ ತುದಿಯಿಂದ ಇನ್ನೊಂದು ನಿಧಾನವಾಗಿ ಬಂತು. ಬಡಿತ, ಬಡಿತ, ಎಡವು, ಮತ್ತೆ ಬಡಿತ. ಅದು ಆಟ ಎಂಬುದೇ ನನಗೆ ಮರೆತುಹೋಯಿತು. ನೀವು ಎಲ್ಲರಿಗೂ ಹೇಳಿಟ್ಟು, ನನ್ನನ್ನು ಬೇಕೆಂದೇ ಇಲ್ಲಿಗೆ ಕರೆಸಿ, ಬಂದೇಬಿಟ್ಟಿರಿ ಎಂದುಕೊಂಡೆ. ಪುಟ್ಟಿ ಹಟ ಹಿಡಿದದ್ದು ಇದಕ್ಕೇ ಅಂದುಕೊಂಡೆ. ಸೀರೆಯ ಸೆರಗು ಸರಿಮಾಡಿಕೊಂಡೆ, ನಾಚಿಕೆಯಾಗುತ್ತದೆ ಬರೆಯಲು. ಎಲ್ಲರಿಗೂ ಕೇಳುವಂತೆ "ಬಂದರು" ಎಂದೆ. ತಿರುಗಿ ನೋಡಿದರೆ ಶೋರೂಮಿನ ಮ್ಯಾನೇಜರ್ ಗಾಡಿಯ ಮೇಲೆ ಕುಳಿತಿದ್ದ.

ಅವನಿಗೇನು ಗೊತ್ತು, ಖುಷಿಯಾಗಿ ಚಪ್ಪಾಳೆ ತಟ್ಟಿದ. ಹಳಬರ ಕಿವಿಯೇ ಒಪ್ಪಿತು, ಇನ್ನೇನು ಬೇಕು ಎಂದ. ಬೇರೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ವೆಲ್ಡರ್ ಅಣ್ಣ ಬೇರೆ ಕಡೆ ನೋಡಿದರು. ಪುಟ್ಟಿ ಬಂದು ನನ್ನ ಕೈ ಹಿಡಿದುಕೊಂಡಳು, ಒಂದು ಮಾತೂ ಚುಚ್ಚಲಿಲ್ಲ. ಮೇಷ್ಟ್ರು, "ಅತ್ತಿಗೆ ಕಿವೀನೇ ಮೋಸ ಹೋಯ್ತು ಅಂದ್ಮೇಲೆ ನಾನ್ಯಾರಿಗೆ ಏನ್ ಹೇಳ್ಲಿ" ಅಂದರು. ಮರುದಿನ ಅವರೂ ಬುಕ್ ಮಾಡಿದರು. ನಿಮ್ಮ ಪರವಾಗಿ ಗಟ್ಟಿಯಾಗಿ ವಾದಿಸುತ್ತಿದ್ದವರು ಅವರೊಬ್ಬರೇ, ಅವರನ್ನೂ ನಾನೇ ಆಚೆಗೆ ಕಳಿಸಿದಂತಾಯಿತು. ನಾಳೆ ನಿಮ್ಮ ಶೆಡ್ಡಿನ ಮುಂದೆ ನಿಲ್ಲುವ ಗಾಡಿಗಳೆಲ್ಲ ಹೊಸವೇ. ಅವಕ್ಕೆ ನಿಮ್ಮ ಸ್ಪ್ಯಾನರ್ ಬೇಕಿಲ್ಲ, ಕೆಟ್ಟರೆ ಶೋರೂಮಿನಲ್ಲಿ ಕಂಪ್ಯೂಟರಿಗೆ ಜೋಡಿಸಿ ನೋಡುತ್ತಾರಂತೆ. ಚಹಾಕ್ಕೆ ನಿಲ್ಲಬಹುದು, ಸ್ನೇಹಕ್ಕೆ ನಿಲ್ಲಬಹುದು. ಎಷ್ಟು ವರ್ಷ ನಿಲ್ಲುತ್ತಾರೋ ನನಗೆ ಗೊತ್ತಿಲ್ಲ.

ಆ ದಿನ ಮನೆಗೆ ಬಂದ ಮೇಲೆ ಒಂದು ವಿಷಯ ನನಗೆ ಸ್ಪಷ್ಟವಾಯಿತು. ನೀವು ನಿಜವಾಗಿ ಬಂದರೂ ನನಗೆ ಗೊತ್ತಾಗುವುದಿಲ್ಲ. ಇಷ್ಟು ದಿನ, ಅವರು ಬಾರದಿದ್ದರೂ ಸರಿ, ಬಂದರೆ ಮೊದಲು ನನಗೇ ತಿಳಿಯುತ್ತದೆ ಎಂಬ ಒಂದು ಧೈರ್ಯವಿತ್ತು. ಜಗತ್ತಿನಲ್ಲಿ ಬೇರೆ ಯಾರಿಗೂ ಇಲ್ಲದ ಹಕ್ಕು ಅದು. ಅದನ್ನು ಕಂಪನಿಯವರು ಎಲ್ಲರಿಗೂ ಹಂಚಿಬಿಟ್ಟರು. ನಿಮ್ಮ ಮೇಲೆ ಕೋಪವಿಲ್ಲ ಎಂದರೆ ಸುಳ್ಳಾಗುತ್ತದೆ. ಇದೆ. ಆದರೆ ಅದನ್ನು ಹಿಡಿದುಕೊಂಡು ಮೆಟ್ಟಿಲು ಇಳಿಯುವ ಶಕ್ತಿ ಈಗ ಇಲ್ಲ.

ಬೇಸರ ಮಾಡಿಕೊಳ್ಳಬೇಡಿ. ಚಳಿ ಹೆಚ್ಚಾಗುತ್ತಿದೆ, ಎದೆಗೆ ಗಾಳಿ ತಾಗದಂತೆ ನೋಡಿಕೊಳ್ಳಿ. ಪುಟ್ಟಿ ನಿಮ್ಮನ್ನು ಕೇಳಿದಳು ಎಂದು ಬರೆಯಬೇಡ ಎಂದಿದ್ದಾಳೆ, ಅದಕ್ಕೇ ಬರೆದಿದ್ದೇನೆ. ಎಲ್ಲಿದ್ದರೂ ಚೆನ್ನಾಗಿರಿ.

ಇಂತಿ,
ನಿಮ್ಮವಳು

ಮರೆತ ಮಾತು: ಪತ್ರಕ್ಕಾಗಿ ವೆಲ್ಡರ್ ಅಣ್ಣ ಕೆಳಗೆ ಬಂದು ನಿಂತಿದ್ದಾರೆ, ಬೇಗ ಬರೆಯುತ್ತಿದ್ದೇನೆ. ಈ ತಿಂಗಳ ಕೊನೆಗೆ ಮನೆ ಬದಲಿಸುತ್ತಿದ್ದೇವೆ. ಪುಟ್ಟಿಗೆ ಇಷ್ಟವಿರಲಿಲ್ಲ, ಇಲ್ಲಿಂದ ಲ್ಯಾಬು ಹತ್ತಿರ. ಹಟ ಮಾಡಿದ್ದು ನಾನು. ಹೊಸ ವಿಳಾಸ ದರ್ಜಿಯ ಬಳಿ ಇರುತ್ತದೆ, ಬಂದು ಕೇಳಿದರೆ ಕೊಡುತ್ತಾನೆ. ಆ ಮನೆ ದೊಡ್ಡ ಕಟ್ಟಡದ ಹಿಂಭಾಗದಲ್ಲಿದೆ, ಕಿಟಕಿ ತೆರೆದರೆ ಗೋಡೆ, ಬೆಳಕೂ ಕಡಿಮೆ. ನೋಡಲು ಹೋದಾಗ ಪುಟ್ಟಿ ನೀರಿನ ವಿಷಯ ಕೇಳುತ್ತಿದ್ದಳು. ನಾನು ಒಳಕೋಣೆಯ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಕಿವಿಗೊಟ್ಟು ಕುಳಿತೆ. ರಸ್ತೆಯ ಒಂದು ಸದ್ದೂ ಕೇಳಿಸಲಿಲ್ಲ. ಹೊರಗೆ ಬಂದು, ಇದೇ ಆಗಲಿ ಎಂದೆ.