ಕೆಂಪರಾಜನ ತಟ್ಟೆಯ ಅನ್ನ

೧೨-೨-೧೯೪೬, ಮಂಗಳವಾರ. ಹಲಸೂರು.

ತಮ್ಮ ಕೆಂಪರಾಜನದು ಬರಿಯ ರಕ್ತಭೇದಿಯಲ್ಲವಂತೆ. ದೊಡ್ಡಕರುಳಿನ ತುಂಬ ಹುಣ್ಣು, ಅಲ್ಸರೇಟಿವ್ ಕೊಲೈಟಿಸ್ ಎಂದರು ಡಾಕ್ಟರು. ಅವನನ್ನು ಹೊರಗೆ ಕೂರಿಸಿ ನನಗೊಬ್ಬಳಿಗೇ ಹೇಳಿದರು: ಕಡಿಮೆಯಾಗುತ್ತದೆ, ಮತ್ತೆ ಬರುತ್ತದೆ, ಬದುಕಿರುವವರೆಗೂ. ಇಪ್ಪತ್ತರ ಹುಡುಗನಿಗೆ ಇದನ್ನು ಹೇಗೆ ಹೇಳಲಿ? ಮುದ್ದೆ ಬೇಡ, ಮೆತ್ತಗಿನ ಅನ್ನ ಕೊಡಿ ಎಂದದ್ದನ್ನಷ್ಟೇ ಹೇಳಿದೆ.

ನಮ್ಮ ಮನೆಯಲ್ಲಿ ಅನ್ನ ಹಬ್ಬಕ್ಕೆ ಮಾತ್ರ. ರೇಷನ್ ಅಕ್ಕಿಯನ್ನೆಲ್ಲ ಅಮ್ಮ ಅವನಿಗೇ ತೆಗೆದಿಟ್ಟಳು. ರಾತ್ರಿ ನಾವು ಮುದ್ದೆ ಮುರಿಯುತ್ತಿದ್ದರೆ ಅವನು ತನ್ನ ತಟ್ಟೆಯನ್ನೇ ನೋಡುತ್ತ ಕೂತ. ಎರಡು ತುತ್ತು ಉಂಡವನೇ ಹೊಟ್ಟೆ ಹಿಡಿದುಕೊಂಡು ಹಿತ್ತಲಿಗೆ ಓಡಿದ. ಬಿಳಿಚಿಕೊಂಡು ಬಂದು ಕೂತು ಕೇಳಿದ: “ಈ ಹಬ್ಬ ಯಾವಾಗ ಮುಗಿಯುತ್ತೆ ಅಕ್ಕ?”

“ಇನ್ನೊಂದೆರಡು ವಾರ ಕಣೋ. ಉಣ್ಣು” ಅಂದೆ.

ನಂಬಿ ಉಂಡ.