ಮೋತ್ಯಾನನ್ನೂ ಕರೆದುಕೊಂಡು

ಮುಂಡಗೋಡ, 3 ಡಿಸೆಂಬರ್ 1936

ಶಾಲೆಗೆ ಹೋದೆ. ಬೀಗ. ಮಕ್ಕಳಿಗೂ ರಜೆ, ನನಗೂ ರಜೆ. ನಮ್ಮ ಓಣಿಯಲ್ಲೂ ಇಲಿ ಸತ್ತು ಬಿದ್ದಿವೆ — ಪ್ಲೇಗು ಖಾತ್ರಿ. ಊರಿಗೆ ಊರೇ ಪಕ್ಕದ ಹಳ್ಳಿ ಇಂದೂರ ದಾರಿಯ ಹೊಲಗಳಲ್ಲಿ ಗುಡಿಸಲು ಹಾಕುತ್ತಿದೆ. ನಾಳೆ ನಾವೂ.

ಅತ್ತೆಯದು ಒಂದೇ ಹಟ. ಮೋತ್ಯಾ ಬಂದರೆ ಬರುತ್ತಾರಂತೆ, ಇಲ್ಲದಿದ್ದರೆ ಇಲ್ಲೇ ಸಾಯುತ್ತಾರಂತೆ. ನಾಯಿ ಅವರ ಮಗ ತಂದದ್ದು. ಮಗ ಹೋದ, ನಾಯಿ ಉಳಿಯಿತು. ಸೊಸೆಯೂ ಉಳಿದಿದ್ದಾಳೆ, ಅದು ಲೆಕ್ಕಕ್ಕಿಲ್ಲ. ಪ್ಲೇಗಿನ ಸೂಜಿಯನ್ನೂ ಒಲ್ಲೆ ಎಂದರು. ನಾನು ಹಾಕಿಸಿಕೊಂಡೆ. ತೋಳು ಇನ್ನೂ ನೋಯುತ್ತಿದೆ.

ಸಾಮಾನು ಕಟ್ಟಿದೆ. ಹಾಸಿಗೆ ಕುದಿನೀರಿನಲ್ಲಿ ಅದ್ದಿ ಒಣಗಿಸಿದ್ದು. ಕಾಳು ಡಬ್ಬಿಯಲ್ಲಿ — ಚೀಲ ಒಯ್ದರೆ ಇಲಿಯೂ ಜೊತೆಗೆ ಬರುತ್ತದೆ ಎಂದಿದ್ದಾರೆ ಡಾಕ್ಟರು. ಕಂದೀಲು, ಚಿಮಣಿ ಎಣ್ಣೆ. ಮೋತ್ಯಾನಿಗೆ ಒಂದು ಮಡಕೆ, ಗೋಣಿತಟ್ಟು, ಮೈಗೆ ಹಚ್ಚಲು ಬೇವಿನೆಣ್ಣೆ. ಹಗ್ಗ? ಹುಟ್ಟಿದಾಗಿನಿಂದ ಕಟ್ಟಿ ಗೊತ್ತಿಲ್ಲ. ಬಿಟ್ಟೆ.

5 ಡಿಸೆಂಬರ್

ಬಿದಿರ ತಟ್ಟಿ, ಮೇಲೆ ಭತ್ತದ ಹುಲ್ಲು. ಕಾಲು ಚಾಚಿದರೆ ಒಲೆ. ಪಕ್ಕದ ಗುಡಿಸಲಲ್ಲಿ ತಾಜುದ್ದೀನ, ಸರ್ವಿಸ್ ಮೋಟಾರಿನ ಮೆಕ್ಯಾನಿಕ್. ಅವನ ಮಗಳು ಸುಗರಾ ಈಗಷ್ಟೇ ನಡೆಯಲು ಕಲಿತಿದ್ದಾಳೆ. ಮೋತ್ಯಾನ ಬಾಲ ಹಿಡಿದೇ ನಡೆಯುತ್ತಾಳೆ.

ಮೋತ್ಯಾ ಮಾತ್ರ ಉಂಡವನೇ ಊರಿಗೆ ಓಡುತ್ತಾನೆ. ಬೀಗ ಹಾಕಿದ ಮನೆಯ ಕಟ್ಟೆಯ ಮೇಲೆ ಮಲಗಿ ಬೆಳಿಗ್ಗೆ ಇಲ್ಲಿ ಹಾಜರು. ಅತ್ತೆಗೆ ಹೆಮ್ಮೆ. ಊರ ತುಂಬ ಸತ್ತ ಇಲಿ. ಅದರ ಚಿಗಟ ಇವನ ಮೈಗೆ ಹತ್ತಿ ಬಂದರೆ? ಹೇಳಿದೆ. ಕೇಳುವವರು ಯಾರು.

6 ಡಿಸೆಂಬರ್

ತಾಜುದ್ದೀನ ಬಂದಿದ್ದ. ಕೂಸಿನ ಭಯ ಅವನಿಗೆ. ತಪ್ಪೇನಿಲ್ಲ. ಮೋತ್ಯಾನನ್ನು ಬಾವಿಹಗ್ಗದಿಂದ ಕಟ್ಟಿದೆ — ಕಡಿದುಕೊಂಡು ಹೋದ. ಕೊನೆಗೆ ತಾಜುದ್ದೀನನೇ ಒಂದು ಸರಪಳಿ ತಂದುಕೊಟ್ಟ. ಮೋತ್ಯಾ ಕತ್ತೆತ್ತಿ ಅತ್ತದ್ದು ಕೇಳಲಾಗಲಿಲ್ಲ. ಅತ್ತೆ ನನ್ನೊಡನೆ ಮಾತು ಬಿಟ್ಟಿದ್ದಾರೆ.

9 ಡಿಸೆಂಬರ್

ಹಾಲು ತರಲು ಇಂದೂರಿಗೆ ಹೋಗಿದ್ದೆ. ತಡವಾಯಿತು. ಬಂದು ನೋಡಿದರೆ ಅತ್ತೆ ತಾವೇ ಒಲೆಯ ಬೂದಿ ತೆಗೆದು ದೂರ ಚೆಲ್ಲಿ ಬಂದಿದ್ದಾರೆ. ಎಂದೂ ಇಲ್ಲದ್ದು. ಮೋತ್ಯಾನೂ ಸುಮ್ಮನೆ ಮಲಗಿದ್ದಾನೆ. ಸರಪಳಿಗೆ ಇಬ್ಬರೂ ರಾಜಿಯಾದರು ಅನ್ನಿಸಿ ಸಮಾಧಾನವಾಯಿತು.

13 ಡಿಸೆಂಬರ್

ಅತ್ತೆಗೆ ಜ್ವರ. ಬಗಲಲ್ಲಿ ಗಂಟು.

ನಡುಗುತ್ತಲೇ ಹೇಳಿದರು. "ಅವತ್ತ ನೀ ಹಾಲಿಗೆ ಹೋದಾಗ ನಾನ ಬಿಚ್ಚಿದ್ದೆ. ಮನಿ ನೋಡ್ಕೊಂಡ ಬರಲಿ ಅಂತ. ಬರೂಮುಂದ ಸತ್ತ ಇಲಿ ಕಚ್ಕೊಂಡ ಬಂತು. ನನ್ನ ಮುಂದಿಟ್ಟು ಬಾಲ ಅಲ್ಲಾಡಿಸ್ತು. ಎತ್ತಿ ಬೂದ್ಯಾಗ ಮುಚ್ಚಿ ಒಗದ್ ಬಂದೆ. ನಿನಗ ಗೊತ್ತಾಗಿದ್ರ ಅದನ್ನ ಕೊಲ್ಲಿಸ್ತಿದ್ದಿ."

ಕೊಲ್ಲಿಸುತ್ತಿದ್ದೆ. ಸುಳ್ಳೇನಲ್ಲ.

"ಅದಕ್ಕೇನ ತಿಳೀತೈತಿ, ನೀಲವ್ವಾ. ಹೊಡಸಬ್ಯಾಡ."

ಆಯಿತು ಎಂದೆ. ಬಾಯಿಮಾತಿಗೆ ಎಂದೆ.

17 ಡಿಸೆಂಬರ್

ಅತ್ತೆ ಹೋದರು. ನಿನ್ನೆ.

ಮಠದ ಅಯ್ಯನವರು ಹತ್ತಿರ ಬರಲಿಲ್ಲ. ವಿಭೂತಿ ನಾನೇ ಹಚ್ಚಿದೆ. ಹೊರಲು ನಮ್ಮವರು ಸಾಲದೆ ತಾಜುದ್ದೀನ ಹೆಗಲು ಕೊಟ್ಟ. ಮಣ್ಣು ಮಾಡಿ ಬಂದಮೇಲೆ ದೂರ ನಿಂತು ಕೇಳಿದ, "ಅಕ್ಕೋರ, ನಾಯೀದು ಏನ್ ಮಾಡೂಣ್ರಿ? ನೀವು ಹೂಂ ಅನ್ರಿ ಸಾಕು. ನಿಮ್ಮ ಕಣ್ಣಿಗೆ ಬೀಳಧಂಗ ಮಾಡ್ತೇನಿ."

ಮೋತ್ಯಾನ ಮೇಲೆ ಎಲ್ಲಿಲ್ಲದ ಸಿಟ್ಟು. ಹೂಂ ಅನ್ನಬೇಕಿತ್ತು. ಸುಗರಾ ಅಪ್ಪನ ಕಾಲ ಸಂದಿಯಿಂದ ಮೋತ್ಯಾನನ್ನೇ ಕೈ ಮಾಡಿ ಕರೆಯುತ್ತಿದ್ದಳು. ಆ ಕೂಸಿಗೆ ಏನಾದರೂ ಆದರೆ...

"ನಾವಿಬ್ರೂ ದೂರ ಹೋಗ್ತೇವಿ" ಎಂದೆ. ನನ್ನ ಬಾಯಿಂದಲೇ ಬಂತು.

18 ಡಿಸೆಂಬರ್

ಮತ್ತೆ ಸಾಮಾನು. ಹಳ್ಳದಾಚೆ, ಯಾರೂ ಇಲ್ಲದ ಬೀಳು ಹೊಲಕ್ಕೆ. ಅತ್ತೆಯ ಹಾಸಿಗೆ, ಸೀರೆ, ಗುಡಿಸಲು — ಎಲ್ಲ ಸುಟ್ಟಾಯಿತು. ಕಟ್ಟಲು ಹೆಚ್ಚೇನೂ ಉಳಿದಿಲ್ಲ. ಮೋತ್ಯಾನ ಮೈಗೆ ಮೂಗಿನಿಂದ ಬಾಲದವರೆಗೆ ಬೇವಿನೆಣ್ಣೆ ತಿಕ್ಕಿದೆ. ಕೈ ನೋಯುವ ಹಾಗೆ ತಿಕ್ಕಿದೆ. ಸುಮ್ಮನೆ ನಿಂತಿದ್ದ. ಅವನ ಮುಖ ನೋಡಲಿಲ್ಲ.

24 ಡಿಸೆಂಬರ್

ಜ್ವರವಿಲ್ಲ. ಬಗಲಲ್ಲಿ ಏನೂ ಇಲ್ಲ. ತಾಜುದ್ದೀನ ಆಚೆ ದಂಡೆಯಲ್ಲಿ ಹಾಲಿಟ್ಟು ಕೂಗಿ ಹೋಗುತ್ತಾನೆ. ಸುಗರಾ ಆರಾಮ ಇದ್ದಾಳಂತೆ. ಕೇಳಿ ಅಳು ಬಂತು. ಅತ್ತೆ ಹೋದಾಗಲೂ ಹೀಗೆ ಅತ್ತಿರಲಿಲ್ಲ.

ಇಲಿಗೆ ಹೆದರದ ಮುದುಕಿ ನನಗೆ ಹೆದರಿದರು. ಅದು ನುಂಗಲಾಗುತ್ತಿಲ್ಲ.

25 ಡಿಸೆಂಬರ್, ಸಂಜೆ

ರೊಟ್ಟಿ ಬಡಿದು ಮುಗಿಸಿ, ಹಿಟ್ಟಿನ ಕೈ ಒರೆಸುತ್ತ, ಯೋಚನೆಯಿಲ್ಲದೆ ಕೂಗಿಬಿಟ್ಟೆ — "ಅತ್ತೀ, ಉಣ್ಣಾಕ ಬರ್ರಿ."

ಮೋತ್ಯಾ ಚಂಗನೆ ಎದ್ದ. ಬಾಗಿಲಿಗೆ ಹೋಗಿ ಬಾಲ ಅಲ್ಲಾಡಿಸುತ್ತ ನಿಂತ. ಬಾ ಎಂದೆ, ಬರಲಿಲ್ಲ. ನಾನೇ ಹೋಗಿ ಪಕ್ಕದಲ್ಲಿ ಕುಳಿತೆ. ರೊಟ್ಟಿ ಆರುತ್ತಿದೆ. ಇಬ್ಬರೂ ದಾರಿಯನ್ನೇ ನೋಡುತ್ತ ಕುಳಿತಿದ್ದೇವೆ.